‘ಹೋಗಿ ಬನ್ನಿ’ ಎಂಬ ಮಾತು

ನಾನು ಡ್ರಿಲ್ ಮಾಷ್ಟ್ರಾಗಿದ್ದವನು. ಕಡಬ, ಸುಳ್ಯ, ಕೊನೆಗೆ ಪುತ್ತೂರು ಎಂದು ಶಾಲೆಗಳು ಬದಲಾದವು, ಸೀಟಿ ಬದಲಾಗಲಿಲ್ಲ. ಒಮ್ಮೆ ಊದಿದರೆ ಮೈದಾನದ ತುಂಬ ಓಡುತ್ತಿದ್ದ ಮಕ್ಕಳು ನಿಂತಲ್ಲೇ ನಿಲ್ಲುತ್ತಿದ್ದರು. ಹಾಗಾಗಿ ಡಾಕ್ಟರು ‘ಮನಸ್ಸನ್ನು ಸ್ವಲ್ಪ ಸುಮ್ಮನಿರಿಸಿ’ ಎಂದಾಗ, ಇದೇನು ಮಹಾ ಕೆಲಸ ಎಂದುಕೊಂಡೆ.

ಹಾಗೆ ಹೇಳುವುದಕ್ಕೆ ಅವರಿಗೆ ಕಾರಣವಿತ್ತು. ನನ್ನ ಹೆಂಡತಿಗೆ ಮರೆವಿನ ಕಾಯಿಲೆ. ಅವಳ ಊಟ, ಸ್ನಾನ, ಮಾತ್ರೆ ಎಲ್ಲವೂ ನನ್ನ ಕೈಯಲ್ಲಿ. ನನ್ನ ರಕ್ತದೊತ್ತಡವೋ ಯಾವ ಮಾತ್ರೆಗೂ ಜಗ್ಗುತ್ತಿರಲಿಲ್ಲ. ಹೀಗೆಯೇ ಮುಂದುವರಿದರೆ ಮೊದಲು ಬೀಳುವವರು ನೀವು, ಅವರನ್ನು ನೋಡಿಕೊಳ್ಳಲು ಬೇರೆ ವ್ಯವಸ್ಥೆ ಮಾಡಿ ಎಂದರು ಡಾಕ್ಟರು. ಸುಳ್ಯದಲ್ಲಿರುವ ಮಗಳು ಅದನ್ನು ಕೇಳಿದವಳೇ ಮಂಗಳೂರಿನ ಒಂದು ಆರೈಕೆ ಕೇಂದ್ರವನ್ನು ವಿಚಾರಿಸಿಟ್ಟಳು. ಅವಳದ್ದು ಕೆಟ್ಟ ಮನಸ್ಸಲ್ಲ, ನನ್ನ ಬಗ್ಗೆ ಹೆದರಿಕೆ. ದೀಪಾವಳಿಯ ತನಕ ಸಮಯ ಕೊಡು ಎಂದೆ. ಅಷ್ಟರೊಳಗೆ ಒತ್ತಡ ಇಳಿದರೆ ಅಮ್ಮ ಮನೆಯಲ್ಲಿ, ಇಳಿಯದಿದ್ದರೆ ಅಲ್ಲಿ. ಮಾತು ಹಾಗೆ ಆಯಿತು.

ಧ್ಯಾನದ ತರಗತಿ ನಡೆಯುತ್ತಿದ್ದದ್ದು ಪೇಟೆಯಲ್ಲಿ, ಒಂದು ಪಾತ್ರೆ ಅಂಗಡಿಯ ಮಹಡಿಯಲ್ಲಿ. ನಾನು ಅಲ್ಲಿಗೆ ಹೋಗುವಾಗ ಪಕ್ಕದ ಮನೆಯ ಬ್ಯಾರಿ ಹೆಂಗಸು ಬಂದು ಹೆಂಡತಿಯ ಜತೆ ಕೂರುತ್ತಿದ್ದಳು. ಅವಳ ಗಂಡ ಗಲ್ಫಿನಲ್ಲಿ; ಮಕ್ಕಳು ಶಾಲೆಗೆ ಹೋದ ಮೇಲೆ ಅವಳಿಗೆ ಸ್ವಲ್ಪ ಬಿಡುವು.

ಹೊರಡುವ ಕ್ರಮ ಪ್ರತಿದಿನವೂ ಒಂದೇ. ಛತ್ರಿ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು ‘ಬರ್ತೇನೆ’ ಎನ್ನುವುದು. ಕುರ್ಚಿಯಿಂದ ಅವಳು ‘ಹೋಗಿ ಬನ್ನಿ’ ಎನ್ನುವುದು. ಅಷ್ಟು ಹೊತ್ತಿಗೆ ಅವಳಿಗೆ ನನ್ನ ಹೆಸರು ಹೋಗಿತ್ತು, ಮಗಳ ಹೆಸರು ಹೋಗಿತ್ತು. ಶಾಲೆಯಲ್ಲಿ ಕಲಿತ ಕನ್ನಡ ಕಳಚಿ, ಇಚಿಲಂಪಾಡಿಯ ತವರಿನ ಮನೆಮಾತಾದ ಅರೆಭಾಷೆಯ ತುಂಡು ತುಂಡು ಮಾತಷ್ಟೇ ಉಳಿದಿತ್ತು. ನಾನು ಯಾರೋ ನೆಂಟರು ಎಂಬಂತೆ ಕೆಲವು ದಿನ ಗೌರವದಿಂದ ನೋಡುತ್ತಿದ್ದಳು. ಆದರೆ ನೆಂಟರು ‘ಬರ್ತೇನೆ’ ಎಂದರೂ ‘ಹೋಗಿ ಬನ್ನಿ’ ಎನ್ನಲೇಬೇಕಲ್ಲ. ಆ ಒಂದು ಮಾತು ಮಾತ್ರ ಅವಳ ನಾಲಗೆ ಬಿಟ್ಟಿರಲಿಲ್ಲ.

ತರಗತಿಯ ಮೇಡಂ ಘಟ್ಟದ ಮೇಲಿನವರು, ನನ್ನ ಮಗಳಿಗಿಂತ ಸಣ್ಣ ಪ್ರಾಯ. ಮೊದಲು ಉಸಿರು ಎಣಿಸಲು ಕಲಿಸಿದರು. ನಾನು ಒಂದು, ಎರಡು ಎಂದು ಶುರು ಮಾಡಿದೆನೋ ಇಲ್ಲವೋ, ಉಸಿರು ಕವಾಯತು ಹೊರಟಿತು. ಎಡಗಾಲು ತಾನಾಗಿ ತಾಳ ಹಾಕತೊಡಗಿತು. ಆಮೇಲೆ ಹೊರಗಿನ ಸದ್ದುಗಳನ್ನು ಕೇಳುತ್ತ ಕೂರಿ ಎಂದರು. ಕೆಳಗೆ ಅಂಗಡಿಯಲ್ಲಿ ಒಂದು ಪಾತ್ರೆ ಬಿದ್ದರೆ, ಮನೆಯಲ್ಲಿ ಅವಳೇ ಬಿದ್ದಳೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಮೂರನೆಯ ಉಪಾಯ, ಬಂದ ಯೋಚನೆಗೆ ಒಂದು ಹೆಸರು ಇಟ್ಟು ಬಿಟ್ಟುಬಿಡುವುದು. ಗ್ಯಾಸ್, ಬಾಗಿಲ ಚಿಲಕ, ಮಾತ್ರೆ, ಮಂಗಳೂರು ಎಂದು ನಾನು ಹೆಸರಿಡುತ್ತ ಹೋದೆ. ಅದು ಹಾಜರಿ ಕರೆದಂತಾಯಿತು. ಕರೆದದ್ದೆಲ್ಲ ‘ಪ್ರೆಸೆಂಟ್ ಸಾರ್’ ಎಂದು ಎದ್ದು ನಿಂತಿತು. ಯಾವುದೂ ಹೊರಗೆ ಹೋಗಲಿಲ್ಲ.

ನನ್ನ ಮುಖ ನೋಡಿ ಮೇಡಂ ಇನ್ನೂ ಸುಲಭದ್ದೊಂದು ಹೇಳಿಕೊಟ್ಟರು. ಯೋಚನೆ ಬಂದಾಗ ಅದರೊಡನೆ ಜಗಳ ಬೇಡ, ಮೆಲ್ಲಗೆ ‘ಹೋಗು’ ಎನ್ನಿ, ಸಾಕು.

ನನಗೆ ಅದು ಬಾಯಿಗೆ ಬರಲಿಲ್ಲ. ನಮ್ಮ ಕಡೆ ಬರೀ ‘ಹೋಗು’ ಎನ್ನುವುದು ಅಂಗಳಕ್ಕೆ ಬಂದ ನಾಯಿಗೆ. ಮನುಷ್ಯರಿಗೆ ‘ಹೋಗಿ ಬಾ’. ಹೊರಡುವವರೂ ‘ಹೋಗ್ತೇನೆ’ ಎನ್ನುವುದಿಲ್ಲ, ‘ಬರ್ತೇನೆ’ ಎನ್ನುತ್ತಾರೆ. ಸಾವಿನ ಮನೆಯಿಂದ ಹೊರಡುವಾಗ ಮಾತ್ರ ‘ಬರ್ತೇನೆ’ ಎನ್ನಬಾರದು. ಏನೂ ಹೇಳದೆ ಎದ್ದು ಬರಬೇಕು. ಚಿಕ್ಕಂದಿನಿಂದ ಪಳಗಿದ ನಾಲಗೆ ಕಣ್ಣು ಮುಚ್ಚಿದ ಮಾತ್ರಕ್ಕೆ ಬೇರೆಯಾಗುತ್ತದೆಯೇ? ‘ಹೋಗು’ ಎನ್ನಹೊರಟು ಪ್ರತಿಸಲವೂ ಒಳಗೆ ‘ಹೋಗಿ ಬಾ’ ಎಂದೇ ಹೇಳುತ್ತಿದ್ದೆ. ಯೋಚನೆಗಳು ಮರ್ಯಾದಸ್ಥರು; ಹೋಗಿ, ಬರುತ್ತಿದ್ದವು.

ಮನೆಗೆ ಬಂದು ಇದನ್ನು ಹೇಳಿದಾಗ ಪಕ್ಕದ ಮನೆಯವಳು ಸೆರಗು ಬಾಯಿಗಿಟ್ಟು ನಕ್ಕಳು. “ನೀವು ನೆಂಟರನ್ನು ಕಳಿಸಿದ ಹಾಗೆ ಕಳಿಸಿದ್ರೆ ಅದು ಬಾರದೆ ಎಂತ ಮಾಡುದು ಮಾಷ್ಟ್ರೆ? ಚಾ ಒಂದು ಕೊಡ್ಲಿಕ್ಕೆ ಬಾಕಿ ಉಂಟು.”

ನನಗೂ ನಗು ಬಂತು. ಹೆಂಡತಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಆಮೇಲೆ ಗೋಡೆಯ ಕಡೆ ನೋಡಿದಳು.

ಅವಳು ಗೋಡೆ ನೋಡುವುದು ಆ ತಿಂಗಳು ಹೆಚ್ಚಾಗಿತ್ತು. ಅತ್ತಿತ್ತ ತಿರುಗುವುದು, ಸೀರೆ ಮಡಚಿ ಬಿಚ್ಚುವುದು, ಅಮ್ಮ ಎಲ್ಲಿ ಎಂದು ಕೇಳುವುದು, ಎಲ್ಲವೂ ಕಡಿಮೆಯಾಗಿತ್ತು. ಕಣ್ಣು ತೆರೆದು, ಬೆನ್ನು ನೆಟ್ಟಗೆ ಇಟ್ಟುಕೊಂಡು, ಅಲುಗದೆ ಕೂರುತ್ತಿದ್ದಳು. ಮಹಡಿಯ ಮೇಲೆ ನಾವೆಲ್ಲ ಕಷ್ಟಪಟ್ಟು ಕಲಿಯುತ್ತಿದ್ದದ್ದು ಹಾಗೆ ಕೂರಲಿಕ್ಕೆಯೇ ಅಲ್ಲವೇ ಎಂದು ಒಮ್ಮೆ ಹೊಳೆಯಿತು. ಆ ಯೋಚನೆಯನ್ನು ಮೇಡಂಗೆ ಹೇಳಲಿಲ್ಲ.

ನವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ, ಬಾಗಿಲಲ್ಲಿ ನಿಂತು ‘ಬರ್ತೇನೆ’ ಎಂದೆ. ಉತ್ತರ ಬರಲಿಲ್ಲ. ಕೇಳಿಸಲಿಲ್ಲವೇನೋ ಎಂದು ಮೈದಾನದ ಸ್ವರದಲ್ಲಿ ಮತ್ತೊಮ್ಮೆ ಹೇಳಿದೆ. ಅವಳು ನನ್ನ ಕಡೆ ತಿರುಗಿದಳು. ತುಟಿ ಸ್ವಲ್ಪ ಅಲುಗಿತು. ಮಾತು ಎಲ್ಲಿದೆ ಎಂದು ಅವಳು ಒಳಗೆಲ್ಲ ಹುಡುಕುತ್ತಿದ್ದದ್ದು ನನಗೆ ಕಾಣುತ್ತಿತ್ತು. ಸಿಗಲಿಲ್ಲ. ಮತ್ತೆ ಗೋಡೆಯ ಕಡೆ ತಿರುಗಿದಳು. ಹೊತ್ತಾಗುತ್ತಿತ್ತು, ತರಗತಿಗೆ ತಡವಾಗಿ ಹೋಗುವ ಅಭ್ಯಾಸ ನನಗಿಲ್ಲ. ಏನೂ ಹೇಳದೆ ಮೆಟ್ಟಿಲಿಳಿದೆ. ಇಳಿದ ಮೇಲೆ, ಹಾಗೆ ಹೊರಡುವುದು ಯಾವ ಮನೆಯಿಂದ ಎಂಬುದು ನೆನಪಾಯಿತು.

ಅಂದು ಕಣ್ಣು ಮುಚ್ಚಿದೆ. ಗ್ಯಾಸ್ ಬರಲಿಲ್ಲ, ಮಾತ್ರೆ ಬರಲಿಲ್ಲ, ಮಂಗಳೂರೂ ಬರಲಿಲ್ಲ. ಬೇಸಿಗೆ ರಜೆಯ ಮೈದಾನದ ಹಾಗೆ ಒಳಗೆಲ್ಲ ಖಾಲಿ. ಕೊನೆಯಲ್ಲಿ ಮೇಡಂ ನನ್ನ ಕಡೆ ಬೆರಳು ಮಾಡಿ, ಎಲ್ಲರೂ ಸಾರ್ ಕೂತ ಹಾಗೆ ಕೂರಬೇಕು ಎಂದರು. ನಾನು ಇಷ್ಟು ದಿನ ಬೇಡಿಕೊಂಡ ನಿಶ್ಶಬ್ದ ಅದೇ ಆಗಿತ್ತು. ಅದರೊಳಗೆ ಇನ್ನೊಂದು ಗಳಿಗೆ ಕೂರುವ ಧೈರ್ಯ ನನಗಿರಲಿಲ್ಲ.

ದೀಪಾವಳಿಗೆ ಮೊದಲು ಡಾಕ್ಟರು ಕೈಗೆ ಪಟ್ಟಿ ಕಟ್ಟಿ ನೋಡಿದರು. ಒತ್ತಡ ಇಳಿದಿತ್ತು. ಧ್ಯಾನದ ಗುಣ, ಬಿಡಬೇಡಿ ಎಂದರು. ಮಗಳು ಫೋನಿನಲ್ಲಿ ಅತ್ತಳು. ಮಂಗಳೂರಿನ ಮಾತು ಅಲ್ಲಿಗೆ ನಿಂತಿತು. ಹೆಂಡತಿ ಮನೆಯಲ್ಲೇ ಇದ್ದಾಳೆ. ಈಗ ನಾನು ಧ್ಯಾನಕ್ಕೆ ಕೂತಾಗ ‘ಹೋಗು’ ಎನ್ನುವ ಪ್ರಯತ್ನ ಮಾಡುವುದಿಲ್ಲ. ಬರುವ ಯೋಚನೆಗೆಲ್ಲ ‘ಹೋಗಿ ಬಾ’ ಎಂದೇ ಹೇಳುತ್ತೇನೆ. ಬರುವವರು ಬರುತ್ತಿರಲಿ.

ಬಾಗಿಲಲ್ಲಿ ನಿಂತು ‘ಬರ್ತೇನೆ’ ಎನ್ನುವ ಕ್ರಮವನ್ನೂ ಬಿಟ್ಟಿಲ್ಲ. ಮೊನ್ನೆ ಹಾಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು, ಸುಮ್ಮನೆ ನಿಂತೇ ಇದ್ದೆ. ಅಡುಗೆಮನೆಯಿಂದ ಪಕ್ಕದ ಮನೆಯವಳು ಗಂಜಿಯ ಬಟ್ಟಲು ಹಿಡಿದು ಬಂದು, ನನ್ನನ್ನೂ ಕುರ್ಚಿಯಲ್ಲಿ ಕೂತ ಹೆಂಡತಿಯನ್ನೂ ನೋಡಿದಳು.

“ಹೋಗಿ ಬನ್ನಿ ಮಾಷ್ಟ್ರೆ,” ಎಂದಳು. ಸ್ವಲ್ಪ ತಡೆದು ಕೇಳಿದಳು, “ನಾನು ಹೇಳಿದ್ರೆ ಆಗ್ತದಾ?”

ಆಗ್ತದೆ ಎಂದೆ. ಛತ್ರಿ ಬಿಚ್ಚಿ ಮೆಟ್ಟಿಲಿಳಿದೆ.