ಗೇಣು ದೂರದ ಭೂತಗನ್ನಡಿ

ಇಳಕಲ್ಲಿನ ನಮ್ಮ ಮನೆಯಲ್ಲಿ ಯಾರೂ ತಲೆಯೆತ್ತಿ ಬಾಳಿದವರಲ್ಲ. ಗಾಬರಿಯಾಗಬೇಡಿ, ಮಾನಮರ್ಯಾದೆಯ ಮಾತಲ್ಲ ಇದು. ಬರೀ ಕತ್ತಿನ ಮಾತು. ನಮ್ಮದು ಕುಣಿ ಮಗ್ಗ: ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು, ಮುಂದೆ ಹರಡಿದ ಸೀರೆಯ ಎಳೆಗಳ ಮೇಲೆ ಮೂಗಿಟ್ಟಂತೆ ಬಾಗಿ ನೇಯಬೇಕು. ಅಜ್ಜ ಹಾಗೆ ಬಾಗಿದ, ಅಪ್ಪ ಹಾಗೆ ಬಾಗಿದ, ಶಾಲೆಯಿಂದ ಬಂದವಳೇ ಕುಣಿಗಿಳಿಯುತ್ತಿದ್ದ ನಾನೂ ಹಾಗೆಯೇ ಬಾಗಿದೆ. ಕಡೆಗೆ ಅದು ಮಗ್ಗದ ಭಂಗಿಯಾಗಿ ಉಳಿಯದೆ ಮನೆತನದ ಭಂಗಿಯೇ ಆಗಿ, ಪತ್ರಿಕೆ ಓದುವಾಗಲೂ, ಬೇಳೆಯ ಹರಳು ಆರಿಸುವಾಗಲೂ, ಉಣ್ಣುವಾಗಲೂ ನಾವೆಲ್ಲ ಎದುರಿನ ವಸ್ತುವನ್ನು ಒಂದು ಗೇಣಿನ ದೂರದಿಂದಲೇ ವಿಚಾರಿಸಿಕೊಳ್ಳುತ್ತಿದ್ದೆವು. ಜಗತ್ತಿನ ಉಳಿದ ಮಂದಿ ಮೊಳ ದೂರದಿಂದ ಕೆಲಸ ಮಾಡುತ್ತಾರೆಂಬ ಸಂಗತಿ ನನಗೆ ತಿಳಿದದ್ದು ಸರ್ಜನ್ ಆಗಲು ಹೊರಟ ಮೇಲೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿತ್ತು. ಬಾಗಲಕೋಟೆಯ ನವನಗರದ ಒಂದು ದವಾಖಾನೆಯಲ್ಲಿ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದೆ. ಕೈಬೆರಳಿನ ನರ, ರಕ್ತನಾಳ ಹೊಲಿಯುವ ಹುಚ್ಚು ನನಗೆ. ಅದಕ್ಕೆ ಲೂಪ್ಸ್ ಬೇಕು. ಅಂದರೆ ಕನ್ನಡಕದ ಗಾಜಿಗೆ ಕೂರಿಸಿದ ಎರಡು ಪುಟ್ಟ ದುರ್ಬೀನು, ಸರ್ಜನ್ನರ ಭೂತಗನ್ನಡಿ. ಇದನ್ನು ಆರಿಸುವುದು ವರನನ್ನು ಆರಿಸುವುದಕ್ಕಿಂತ ಕಷ್ಟ. ವರನ ವಿಷಯದಲ್ಲಿ ನೆಂಟರಷ್ಟೇ ಸಲಹೆ ಕೊಡುತ್ತಾರೆ. ಇಲ್ಲಿ ಹಾಸ್ಟೆಲ್ಲಿನ ಪ್ರತಿ ಕೋಣೆಯಲ್ಲೂ ಒಬ್ಬೊಬ್ಬ ಪಂಡಿತ. ಎರಡೂವರೆ ಪಟ್ಟು ಸಾಕೆಂದು ಒಬ್ಬ, ಮೂರೂವರೆಗಿಂತ ಕಡಿಮೆಯಾದರೆ ಬರಿಗಣ್ಣೇ ವಾಸಿ ಎಂದು ಇನ್ನೊಬ್ಬ. ಹೆಚ್ಚು ದೊಡ್ಡದಾಗಿ ಕಂಡಷ್ಟೂ ಕಾಣುವ ಜಾಗ ಕಿರಿದಾಗುತ್ತದೆ ಎನ್ನುವುದು ಗಾಜಿನ ನಿಯಮ. ಈ ನಿಯಮ ನನಗೆ ಮೊದಲೇ ಗೊತ್ತಿತ್ತು: ನನ್ನ ಸೋದರತ್ತೆ ಯಾವ ಗಾಜೂ ಇಲ್ಲದೆ ಪಕ್ಕದ ಓಣಿಯ ಸೊಸೆಯ ಒಂದು ತಪ್ಪನ್ನು ಹತ್ತು ಪಟ್ಟು ಹಿಗ್ಗಿಸಿ ನೋಡಬಲ್ಲಳು, ಆದರೆ ಅದೇ ಸೊಸೆ ಕಳಿಸಿದ ಹೋಳಿಗೆ ತಿಂದು ಮುಗಿಯುವ ತನಕ ಅವಳ ಕಣ್ಣಿಗೆ ಬೀಳುವುದಿಲ್ಲ. ಅತ್ತೆಯಂತಾಗುವುದು ಬೇಡವೆಂದು ನಾನು ಎರಡೂವರೆಗೇ ಒಪ್ಪಿದೆ.

ಅಳತೆಗೆ ಹುಬ್ಬಳ್ಳಿಯಿಂದ ಕಂಪನಿಯವನೊಬ್ಬ ಬಂದ. ಪಾಪ, ಟೈ ಕಟ್ಟಿಕೊಂಡು ಬೆವರುತ್ತಿದ್ದ ಸಜ್ಜನ. ಕಣ್ಣಿನಿಂದ ಕೆಲಸದ ಜಾಗಕ್ಕೆ ಎಷ್ಟು ದೂರವೋ ಅಷ್ಟಕ್ಕೇ ಗಾಜು ಸ್ಪಷ್ಟವಾಗಿ ತೋರುತ್ತದೆ, ಒಮ್ಮೆ ಮಾಡಿಸಿದರೆ ಬದಲಾಗದು ಎಂದು ವಿವರಿಸಿದ. ಆಮೇಲೆ, “ಮೇಡಂ, ನೀವು ಸಣ್ಣ ಕೆಲಸ ಮಾಡೂ ಮುಂದ ಹೆಂಗ ಕೂಡ್ತೀರಿ, ಹಂಗ ಆರಾಮ ಕೂಡ್ರಿ,” ಎಂದ.

ನಾನು ಆರಾಮ ಕೂತೆ. ಏನು ಮಾಡಲಿ, ಸಣ್ಣ ಕೆಲಸ ಎಂದ ಕೂಡಲೇ ನನ್ನ ಬೆನ್ನಿಗೆ ನೆನಪಾದದ್ದು ಆಪರೇಷನ್ ಟೇಬಲ್ ಅಲ್ಲ, ಎಳೆಗೆ ಎಳೆ ಕೂಡಿಸುವ ಸೆರಗು. ಅವನು ಟೇಪು ಹಿಡಿದು ನೋಡಿ, ಬರೀ ಒಂದು ಗೇಣು ಬಂದದ್ದು ಕಂಡು, “ಭಾಳ ಸನೇಕ ಆತಲ್ರಿ?” ಎಂದು ಅನುಮಾನಿಸಿದ.

“ನಂದು ಹಿಂಗ ಐತ್ರಿ,” ಎಂದೆ, ಹೆಮ್ಮೆಯಿಂದ.

ಲೂಪ್ಸ್ ಬಂತು. ಮೊದಲು ಊರಿಗೆ ಒಯ್ದು ಹಾಕಿ ತೋರಿಸಿದಾಗ ಅವ್ವ ಎರಡು ಹೆಜ್ಜೆ ಹಿಂದೆ ಸರಿದು, “ಏಯ್, ಹೆಣ್ಣು ನೋಡಾಕ ಬಂದಾರ ಮುಂದ ಹಿಂಗ ಕುಂತ್ಗಿಂತೀ ಮತ್ತ! ಅಂವಾ ಚಪ್ಪಲಿ ಬಿಟ್ಟು ಓಡ್ತಾನ,” ಎಂದಳು. ಓಡಬೇಕಾದವಳು ನಿಜವಾಗಿ ನಾನೇ ಎಂಬುದು ಆ ವಾರವೇ ಗೊತ್ತಾಯಿತು.

ಬನಶಂಕರಿಯಿಂದ ಶಾಂತವ್ವ ಬಂದಳು. ಗುಡಿಯ ಮುಂದೆ ಬುಟ್ಟಿಯಿಟ್ಟು ಭಕ್ತರಿಗೆ ಬಿಸಿ ಜೋಳದ ರೊಟ್ಟಿ, ಕೆಂಪು ಚಟ್ನಿ, ಮೊಸರು ಬಡಿಸುವವಳು. ಈರುಳ್ಳಿ ಹೆಚ್ಚುವಾಗ ಈಳಿಗೆ ಬಲಗೈ ತೋರುಬೆರಳಿನ ಬುಡಕ್ಕೆ ಇಳಿದಿತ್ತು. ನರ ಕಡಿದು ಬೆರಳು ಜೋಮು ಹಿಡಿದಿದ್ದರೂ ಅವಳಿಗೆ ಚಿಂತೆಯಿರಲಿಲ್ಲ. “ಸುಮ್ನ ಮ್ಯಾಲ ನಾಕ ಹೊಲಿಗಿ ಹಾಕಿ ಕಳಸ್ರಿ, ಗಿರಾಕಿ ಕಾಯಾಕತ್ತಾರ,” ಎಂದಳು. ಚಿಂತೆ ಹತ್ತಿದ್ದು ನನಗೆ. ದಿನವಿಡೀ ಹಂಚಿನ ಮುಂದೆ ಕೂರುವ ಕೈ ಅದು. ನರ ಕೂಡದಿದ್ದರೆ ಬೆರಳು ಬೆಂದರೂ ಅವಳಿಗೆ ತಿಳಿಯುವುದಿಲ್ಲ, ಸುಟ್ಟು ಸುಟ್ಟು ಒಂದು ದಿನ ಬೆರಳೇ ಹೋಗುತ್ತದೆ. ಮುಂದೆ ಬರುವ ಬೆರಳು ನೀನೇ ಹೊಲಿಯಬೇಕು ಎಂದು ನಮ್ಮ ಸರ್, ಹಿರಿಯ ಸರ್ಜನ್, ಮಾತು ಕೊಟ್ಟಿದ್ದರು. ನನಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು.

ಕೈಯನ್ನಷ್ಟೇ ಮರಗಟ್ಟಿಸಿದ್ದರಿಂದ ಶಾಂತವ್ವ ಪರದೆಯ ಆಚೆ ಎಚ್ಚರವಾಗಿದ್ದಳು. ನಾನು ಲೂಪ್ಸ್ ಏರಿಸಿ, ಎಲ್ಲರಂತೆ ನೆಟ್ಟಗೆ ಕೂತು ನೋಡಿದೆ. ಬರೀ ಮಂಜು. ತುಸು ಬಾಗಿದೆ, ಮಂಜು. ಇನ್ನೂ ಬಾಗಿದೆ. ನರ ಫಳಕ್ಕನೆ ಕಂಡಾಗ ನನ್ನ ಮಾಸ್ಕು ಗಾಯದ ಮೇಲೆಯೇ ತೂಗುತ್ತಿತ್ತು.

“ಏನವಾ!” ಸರ್ ಗುಡುಗಿದರು. “ಆಪರೇಷನ್ ಮಾಡಾಕ ಬಂದೀಯೋ, ವಾಸನಿ ನೋಡಾಕ ಬಂದೀಯೋ? ಎತ್ತು ಮೂಗು!”

ಎತ್ತಿದರೆ ನರ ಮಾಯ, ಇಳಿಸಿದರೆ ಸರ್ ಬೈಗುಳ. ಅವರ ಲೂಪ್ಸ್ ಇಸಿದುಕೊಂಡರೆ ಅದು ಅವರ ಕಣ್ಣಳತೆಯದು. ಅದರಲ್ಲಿ ನನಗೆ ಶಾಂತವ್ವನ ಒಂದೇ ಕೈಗೆ ಹತ್ತು ಬೆರಳು ಕಂಡವು. ಪರದೆಯಾಚೆಯಿಂದ ಬೇರೆ, “ಯಾಕವ್ವಾ, ನನ್ನ ಬೆರಳಿನ ಸಂಗಾಟ ಗುಟ್ಟು ಮಾತಾಡಾಕತ್ತೀಯೇನ?” ಎಂಬ ವಿಚಾರಣೆ. ಸರ್ ಕೈಗವಸು ಏರಿಸುತ್ತ, “ಆಚೆ ಸರಿ, ನಾ ಮಾಡ್ತೇನಿ,” ಎಂದರು.

ಇನ್ನೇನು ಎದ್ದುಬಿಡಬೇಕು, ಅಷ್ಟರಲ್ಲಿ ನನ್ನ ಕಾಲುಗಳು ನೆಲದಲ್ಲಿ ಮಗ್ಗದ ಕುಣಿ ಹುಡುಕಿದವು. ಖರೆ ಹೇಳುತ್ತೇನೆ, ಯೋಚನೆ ಮಾಡಿದ್ದು ತಲೆಯಲ್ಲ, ಕಾಲು. ಮೂಗನ್ನು ಕೆಲಸಕ್ಕೆ ಇಳಿಸುವ ಬದಲು ನಾನೇ ಇಡಿಯಾಗಿ ಇಳಿದರಾಯಿತು! ಸ್ಟೂಲನ್ನು ತೀರ ತಳಕ್ಕೆ ಇಳಿಸಿ, ಶಾಂತವ್ವನ ಕೈಯಿಟ್ಟ ಹಲಗೆಯನ್ನು ಮೇಲೆತ್ತಿ ಎಂದು ಸಿಸ್ಟರಿಗೆ ಹೇಳಿದೆ. ಹಲಗೆ ನನ್ನ ಎದೆಯ ಮಟ್ಟಕ್ಕೆ ಬಂತು. ಈಗ ಮುಖ ಗಾಯದ ಮೇಲಿರಲಿಲ್ಲ, ಈಚೆಗಿತ್ತು. ನಡುವೆ ಸರಿಯಾಗಿ ಒಂದು ಗೇಣು. ನರದ ಎರಡು ತುದಿಯೂ ಸ್ಪಷ್ಟವಾಗಿ ಕಂಡವು. ಸರ್ ಬಗ್ಗಿ ನೋಡಿದರು, ಗೊಣಗಿದರು, ಕಡೆಗೆ, “ಹೂಂ, ಹೊಲಿ,” ಎಂದರು. ಹೊಲಿದೆ. ಆ ಹೊತ್ತಿನಷ್ಟು ನೆಮ್ಮದಿಯಿಂದ ನಾನು ಯಾವ ಪರೀಕ್ಷೆಯಲ್ಲೂ ಕೂತಿಲ್ಲ.

ಆದರೆ ನೋಡಿ, ಹೊಲಿದದ್ದು ಕಾಣುತ್ತದೆ, ಕೂಡಿದ್ದು ಕಾಣುವುದಿಲ್ಲ. ನರ ಬೆರಳ ತುದಿಯ ತನಕ ತೆವಳಲು ತಿಂಗಳುಗಳೇ ಬೇಕು, ಅದನ್ನು ತೋರಿಸುವ ಭೂತಗನ್ನಡಿಯನ್ನು ಯಾವ ಕಂಪನಿಯೂ ಮಾಡಿಲ್ಲ. ಶಾಂತವ್ವ ಬಂದಾಗಲೆಲ್ಲ ನಾನು ಸೂಜಿಯಿಂದ ಚುಚ್ಚುವುದು, ಅವಳು ಹಲ್ಲು ಕಿಸಿಯುವುದು. “ಚುಚ್ಚವ್ವಾ, ಚುಚ್ಚು, ಏನೂ ಆಗಾಂಗಿಲ್ಲ. ಬಿಸಿ ರೊಟ್ಟಿ ಇದ ಬೆರಳಿಂದ ತಿರಿವಿ ಹಾಕ್ತೇನಿ, ಬಾಜೂ ಬುಟ್ಟಿಯವರು ಹೊಟ್ಟಿ ಉರ್ಕೊಳ್ತಾರ!” ಅವಳ ಆ ನಗು ನನ್ನ ಎದೆಗೆ ನಾಟುತ್ತಿತ್ತು. ಗೇಣು ದೂರದಿಂದ ನಾನು ಕಂಡದ್ದು ನರವೋ ಭ್ರಮೆಯೋ ಎಂದು ಎಷ್ಟೋ ಸಲ ಊಟ ಬಿಟ್ಟಿದ್ದೇನೆ.

ಚಳಿಗಾಲ ಕಳೆದ ಮೇಲೊಂದು ಬೆಳಿಗ್ಗೆ ಅವಳು ಸರದಿ ಮುರಿದು ಒಳನುಗ್ಗಿದಳು. ಸರ್ ಪಕ್ಕದ ಕುರ್ಚಿಯಲ್ಲೇ ಇದ್ದರು.

“ಏನ್ ಮಾಡಿಟ್ಟೀ ಡಾಕ್ಟರವ್ವಾ? ಇಷ್ಟ ದಿನ ತಣ್ಣಗ ಇತ್ತು ನನ್ನ ಬೆರಳ. ನಿನ್ನೆ ಹಂಚಿಗೆ ತಾಗಿದ್ದ ತಡ, ಚುರ್ ಅಂತು! ಯವ್ವಾ ಅಂತ ಚೀರಿ ರೊಟ್ಟಿ ಬೂದ್ಯಾಗ ಒಗದೆ. ನಿನ್ನ ಹೊಲಿಗಿ ಕೆಟ್ಟೈತಿ, ಬಿಚ್ಚಿ ಮತ್ತ ಹೊಲಿ!”

ನಾನು ಸೂಜಿ ತೆಗೆದು ಬೆರಳ ತುದಿಗೆ ಮೆಲ್ಲನೆ ಮುಟ್ಟಿಸಿದೆ. ಫಟ್ಟನೆ ಕೈ ಕಿತ್ತುಕೊಂಡು, ಇನ್ನೊಂದು ಕೈಯಿಂದ ನನ್ನ ಮುಂಗೈಗೆ ಒಂದು ಏಟು ಬಿಗಿದಳು. ನನಗೆ ದಳದಳನೆ ಕಣ್ಣೀರು ಇಳಿಯಿತು. ಅಷ್ಟು ಸಂತೋಷ ನನಗೆ ಡಿಗ್ರಿ ಬಂದ ದಿನವೂ ಆಗಿಲ್ಲ.

ಶಾಂತವ್ವ ಗಾಬರಿಯಾಗಿ ಸರ್ ಕಡೆ ತಿರುಗಿದಳು. “ಸಾಹೇಬ್ರ, ಈ ಹುಡುಗೀನ ಮೊದಲ ಯಾರಿಗರ ತೋರಸ್ರಿ. ಉರಿಯೂದು ನನ್ನ ಬೆರಳು, ಅಳೂದು ಇಕಿ!”