ದೊಡ್ಡಮ್ಮನ ಚಪ್ಪಾಳೆ

ಹೋದ ವಾರ ಚನ್ನಗಿರಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಬಂದು ಕೂತ ಹೆಂಗಸಿನ ಜಡೆಯಿಂದ, ದಾಸವಾಳದ ಎಲೆ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಕಿಟಕಿ ತೆರೆದರೂ ಹೋಗಲಿಲ್ಲ. ಕೊನೆಗೆ ಎದ್ದು ಹಿಂದಿನ ಸೀಟಿಗೆ ಹೋದೆ. ಅಷ್ಟರಲ್ಲಿ ನ್ಯಾಮತಿಯ ಆ ಎರಡು ಕೋಣೆಯ ಮನೆ, ಅದರ ಪಕ್ಕದ ಬಾಗಿಲು, ಬಾಗಿಲಲ್ಲಿ ನಿಂತ ದೊಡ್ಡಮ್ಮ... ಎಲ್ಲ ಕಣ್ಣ ಮುಂದೆ ಬಂದಾಗಿತ್ತು.

ಅವರು ನನಗೆ ಬಂಧುವಲ್ಲ. ಹತ್ತು ವರ್ಷದ ಕೆಳಗೆ ನಾವು ಬಾಡಿಗೆಗಿದ್ದ ಮನೆಯ ಪಕ್ಕದಲ್ಲಿ ಗಂಡನ ಜೊತೆ ಇದ್ದರು. ಐವತ್ತು ದಾಟಿತ್ತು, ಮಕ್ಕಳಾಗಿರಲಿಲ್ಲ. ನನ್ನ ಗಂಡನಿಗೆ ಜಗಳೂರಿನಲ್ಲಿ ಕೆಲಸ, ಮನೆಗೆ ಬರುವುದು ವಾರಕ್ಕೊಮ್ಮೆ. ನಾನು ಹೊನ್ನಾಳಿಯ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಎರಡು ವರ್ಷದ ಮಗಳನ್ನು ಯಾರ ಹತ್ತಿರ ಬಿಡುವುದೆಂದು ಒದ್ದಾಡುತ್ತಿದ್ದಾಗ ದೊಡ್ಡಮ್ಮ ತಾವಾಗಿಯೇ ಬಂದು ಅವಳನ್ನು ಎತ್ತಿಕೊಂಡರು.

ಮಗಳು ಆಗ ಮಹಾ ಹಟಮಾರಿ. ಕಚ್ಚುವುದು, ತಟ್ಟೆ ಎಸೆಯುವುದು, ಕೇಳಿದ್ದು ಸಿಗದಿದ್ದರೆ ನೆಲಕ್ಕೆ ಬಿದ್ದು ಹೊರಳುವುದು. ನಾನು ಸಂಜೆ ದಣಿದು ಬಂದು ರೇಗುತ್ತಿದ್ದೆ. ಒಂದು ದಿನ ದೊಡ್ಡಮ್ಮ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ತಟ್ಟೆ ಎಸೆದಾಗ ಓಣಿಗೆಲ್ಲ ಕೇಳೋ ಹಂಗೆ ಕೂಗ್ತೀಯ. ಸುಮ್ನೆ ಕೂತು ಉಂಡಾಗ ಬಾಯೇ ಬಿಡಲ್ಲ. ನಿಂಗೆ ಯಾವುದು ಇಷ್ಟ ಅಂತ ಮಗೀಗೆ ಹೆಂಗವ್ವ ತಿಳೀಬೇಕು?"

ಆಮೇಲೆ ಮಾಡಿಯೂ ತೋರಿಸಿದರು. ಮಗು ಲೋಟ ಚೆಲ್ಲದೆ ಕೆಳಗಿಟ್ಟರೆ ಆ ಕ್ಷಣವೇ ಚಪ್ಪಾಳೆ ತಟ್ಟಿ, ನೀರು ಚೆಲ್ಲದೇ ಇಟ್ಟೆಯಲ್ಲ ಎಂದು ಅದನ್ನೇ ಹೇಳಿ ಹೊಗಳುವರು. ಕೆನ್ನೆ ಸವರಿ ನೆಟಿಗೆ ಮುರಿಯುವರು. ಬೇಡದ್ದು ಮಾಡಿದರೆ ಬೈಯುವುದಿಲ್ಲ, ಮುಖ ಆಚೆ ತಿರುಗಿಸಿ ಮಾತು ನಿಲ್ಲಿಸಿಬಿಡುವರು. ನಾನೂ ಹಾಗೇ ಮಾಡತೊಡಗಿದೆ. ಮೊದಮೊದಲು ನಾಚಿಕೆಯಾಯಿತು. ಆದರೆ ಕಚ್ಚುವುದು ನಿಂತಿತು, ಆಟದ ಸಾಮಾನು ಬುಟ್ಟಿಗೆ ಸೇರತೊಡಗಿತು. ಒಂದೊಂದನ್ನು ಬುಟ್ಟಿಗೆ ಹಾಕಿದಾಗಲೂ ಮಗಳು ನನ್ನ ಮುಖ ನೋಡುತ್ತಿದ್ದಳು, ಚಪ್ಪಾಳೆಗಾಗಿ.

ದೀಪಾವಳಿ ಹೊತ್ತಿಗೆ ಅವಳು ದೊಡ್ಡಮ್ಮನನ್ನು 'ಅಮ್ಮ' ಎನ್ನತೊಡಗಿದಳು. ಪುಟ್ಟ ನಾಲಿಗೆಗೆ 'ದೊಡ್ಡ' ಹೊರಳುತ್ತಿಲ್ಲ ಎಂದುಕೊಂಡೆ. ನನ್ನನ್ನು ಕರೆಯುವುದೇ ಕಡಿಮೆಯಾಯಿತು. ಎತ್ತಿಕೊಳ್ಳಲು ಹೋದರೆ ಹಿಂದೆ ಸರಿಯುತ್ತಿದ್ದಳು. ಅದನ್ನು ಯಾರಿಗೆ ಹೇಳಲಿ? ದೊಡ್ಡಮ್ಮನಿಗೇ ಹೇಳಿಕೊಂಡು ಅತ್ತೆ. ಅವರು ನನ್ನ ತಲೆಗೆ ಆ ದಾಸವಾಳದ ಎಣ್ಣೆ ಹಚ್ಚಿ ತಟ್ಟುತ್ತಾ, ಮಕ್ಕಳು ಇರೋದೇ ಹಿಂಗೆ, ನಾಲ್ಕು ದಿನ ತಡಿ, ಸರಿಹೋಗ್ತದೆ ಎಂದರು. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದ್ದೆ.

ಒಂದು ದಿನ ವಕೀಲರು ಊರಿಗೆ ಹೋಗಬೇಕೆಂದು ಮಧ್ಯಾಹ್ನವೇ ಆಫೀಸು ಮುಚ್ಚಿದರು. ಮನೆ ತಲುಪಿ ಚಪ್ಪಲಿ ಬಿಡುತ್ತಿದ್ದಾಗ ಪಕ್ಕದ ಮನೆಯ ಕಿಟಕಿಯಿಂದ ಚಪ್ಪಾಳೆ ಕೇಳಿಸಿತು. ಏನು ಕಲಿತಳೋ ಎಂದು ಸಂತೋಷದಿಂದಲೇ ಇಣುಕಿದೆ. ದೊಡ್ಡಮ್ಮ ಮೊಬೈಲಿನಲ್ಲಿ ನನ್ನ ಫೋಟೊ ತೋರಿಸುತ್ತಿದ್ದರು. ಇವರು ಯಾರು ಎಂದು ಕೇಳಿದರು. ಮಗಳು 'ಅಮ್ಮ' ಎಂದಳು. ದೊಡ್ಡಮ್ಮ ಬೈಯಲಿಲ್ಲ. ಮುಖ ಆಚೆ ತಿರುಗಿಸಿ ಸುಮ್ಮನಾದರು. ಮಗು ಅವರ ಸೆರಗು ಜಗ್ಗಿತು, ಗಲ್ಲ ಹಿಡಿದು ತಿರುಗಿಸಲು ನೋಡಿತು. ಆಮೇಲೆ ಮೆಲ್ಲಗೆ 'ಆಂಟಿ' ಎಂದಿತು. ಚಪ್ಪಾಳೆ, ನೆಟಿಗೆ, ಮುತ್ತು.

ನಾನು ಒಳಗೆ ಹೋಗಿ ಇಷ್ಟೇ ಕೇಳಿದೆ, ಇದೇನು ದೊಡ್ಡಮ್ಮ ಎಂದು.

ಅವರು ಫೋನು ಕೆಳಗಿಟ್ಟರು. "ರಾತ್ರಿಯೆಲ್ಲ ನಿನ್ ತಾವೇ ಇರ್ತೈತಲ್ಲವ್ವ. ಹಗಲು ಒಂದೀಟು ನಂಗೆ ಅಮ್ಮ ಅನ್ಲಿ ಅಂದ್ಕಂಡೆ."

"ಅನ್ನಲಿ. ನನ್ನನ್ನ ಆಂಟಿ ಅನ್ನಾಕೆ ಯಾಕೆ ಕಲಿಸಿದ್ರಿ?"

ಅವರು ನನಗೂ ಮುಖ ತಿರುಗಿಸಿದರು. ನಾನು ಮಗಳನ್ನು ಎತ್ತಿಕೊಂಡು ಹೊರಟೆ. ಅವಳು ನನ್ನ ಭುಜದ ಮೇಲಿಂದ ಕೈ ಚಾಚಿ ಅಮ್ಮ, ಅಮ್ಮ ಎಂದು ಅಳುತ್ತಿದ್ದಳು... ಅವರನ್ನು ನೋಡಿಕೊಂಡು.

ಕೆಲಸ ಬಿಟ್ಟೆ. ಗಂಡ ಓಡಾಡಿ ಚನ್ನಗಿರಿಗೆ ವರ್ಗ ಮಾಡಿಸಿಕೊಂಡರು. ಹೊಸ ಮನೆಯಲ್ಲಿ ಮಗಳು ಬಹಳ ದಿನ ನನ್ನನ್ನು ಏನೂ ಕರೆಯಲಿಲ್ಲ. ಯಾವತ್ತೋ ತಪ್ಪಿ ಅಮ್ಮ ಎಂದಾಗ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಚಪ್ಪಾಳೆ ತಟ್ಟಿದೆ, ಕೆನ್ನೆ ಸವರಿ ನೆಟಿಗೆ ಮುರಿದೆ. ನನಗೆ ಬೇರೆ ದಾರಿ ಗೊತ್ತಿರಲಿಲ್ಲ. ಹೆತ್ತ ಮಗಳಿಗೆ ಆ ಒಂದು ಮಾತನ್ನು ನಾನು ಕಲಿಸಿದ್ದು ಅವರು ಹೇಳಿಕೊಟ್ಟ ರೀತಿಯಲ್ಲೇ.

ದೊಡ್ಡಮ್ಮ ಹೋದ ವರ್ಷ ತೀರಿಕೊಂಡರಂತೆ. ನ್ಯಾಮತಿಯ ಮನೆ ಮಾಲೀಕರು ಫೋನಿನಲ್ಲಿ ಬೇರೇನೋ ಮಾತಾಡುತ್ತಾ ಹೇಳಿದರು. ಹೋಗಿ ಬರೋಣವೇ ಎಂದು ಗಂಡ ಕೇಳಿದರು, ನಾನು ಒಲ್ಲೆ ಎಂದೆ. ಆ ದಿನಗಳಲ್ಲಿ ನನಗೆ ಒಂದು ತುತ್ತು ಎತ್ತಿಟ್ಟು ಕಾದವರು ಅವರೊಬ್ಬರೇ. ಅಂಥವರು ಆಮೇಲೆ ಯಾರೂ ಸಿಗಲಿಲ್ಲ, ಸಿಕ್ಕಿದ್ದರೂ ನಾನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲವೇನೋ... ಮಗಳಿಗೆ ಅವರ ನೆನಪೇ ಇಲ್ಲ.

ಅವಳಿಗೀಗ ಹನ್ನೆರಡು. ಒಳಗಿನಿಂದ ಅಮ್ಮ ಎಂದು ಕೂಗಿದರೆ ಒಲೆಯ ಮೇಲೆ ಹಾಲಿದ್ದರೂ ಓಗೊಡುತ್ತೇನೆ. ಎರಡನೇ ಸಲ ಕರೆಯಲಿ ಎಂದು ಕಾಯುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.