ವುರ್ಟೆಂಬರ್ಗಿನ ಡುಕಾಟ್ ಹುಡುಕಿಹೊರಟ ಓಟ್ಮಾರ್

ಕಾರ್ಲ್ಸ್‌ರೂಹೆಯಲ್ಲಿ ಟ್ರಾಮ್ ಓಡಿಸಿ ನಿವೃತ್ತನಾದ ಓಟ್ಮಾರ್ ಡೋಲ್ಡ್ ನಮ್ಮ ನಾಣ್ಯ ಸಂಘದ ಹಳೇ ಹುಲಿ. ನಮ್ಮ ಬಾಡೆನ್ ಸೀಮೆ ಬೇರೆ ರಾಜ್ಯವಾಗಿದ್ದ ಕಾಲದ ಚಿನ್ನದ ನಾಣ್ಯ ಬಿಟ್ಟು ಇನ್ನೊಂದನ್ನು ಮುಟ್ಟಿದವನಲ್ಲ. ಪಕ್ಕದ ವುರ್ಟೆಂಬರ್ಗಿನದನ್ನು ಯಾರಾದರೂ ತೋರಿಸಲು ಬಂದರೆ ಕಣ್ಣಿಗೇ ಕಾಣಬಾರದೆಂದು ಕನ್ನಡಕ ತೆಗೆದುಬಿಡುತ್ತಿದ್ದ. ಸರ್ಕಾರ ಎರಡೂ ಸೀಮೆಗಳನ್ನು ಒಂದು ಮಾಡಿ ಎಷ್ಟೋ ಕಾಲವಾಗಿತ್ತು. ಓಟ್ಮಾರ್ ಮಾತ್ರ ಇನ್ನೂ ಒಪ್ಪಿರಲಿಲ್ಲ.

ಅವನಿಗೆ ಸಿಗದೆ ಉಳಿದದ್ದು ಒಂದೇ: ರೈನ್ ನದಿಯ ಮರಳು ಜಾಲಿಸಿ ತೆಗೆದ ಚಿನ್ನದಲ್ಲಿ ಅಚ್ಚುಹಾಕಿದ ಬಾಡೆನ್ ಡುಕಾಟ್. ಅದು ಕಣ್ಣಿಗೆ ಬಿದ್ದದ್ದು ವುರ್ಟೆಂಬರ್ಗಿನ ಸ್ಟುಟ್‌ಗಾರ್ಟಿನಲ್ಲಿ ನಡೆದ ನಾಣ್ಯ ಮೇಳದಲ್ಲಿ, ಹೆಡ್ವಿಗ್ ಐಸೆಲೆ ಎಂಬ ವಿಧವೆಯ ಮೇಜಿನ ಮೇಲೆ. ಆಕೆ ಆ ಊರಿನಲ್ಲೇ ಸೂಲಗಿತ್ತಿಯಾಗಿದ್ದವರು. ಅವತ್ತು ನಾನೂ ಜೊತೆಗಿದ್ದೆ.

"ಇದು ನಮ್ಮ ಕಡೇದು. ನಿಮ್ಮ ಹತ್ರ ಏನ್ ಮಾಡ್ತಿದೆ?" ಎಂದ ಓಟ್ಮಾರ್.

"ಆರಾಮಾಗಿದೆ. ಇಲ್ಲಿ ಊಟ ಚೆನ್ನಾಗಿರತ್ತೆ ನೋಡಿ."

"ಕೊಡ್ತೀರಾ?"

"ದುಡ್ಡಿಗೆ ಕೊಡಲ್ಲ. ನಮ್ಮ ರಾಜ ವಿಲ್ಹೆಲ್ಮನ ಡುಕಾಟ್ ಒಂದು ತಂದ್ಕೊಟ್ಟು ಇದನ್ನ ತಗೊಂಡ್ಹೋಗಿ."

ವುರ್ಟೆಂಬರ್ಗಿನ ನಾಣ್ಯವನ್ನು ತಾನು ಕೊಳ್ಳುವುದೇ ಎಂದು ರೈಲಿನಲ್ಲಿ ಮನೆ ಮುಟ್ಟುವವರೆಗೂ ಗೊಣಗಿದ. ಆದರೆ ಆಸೆ ಬಿಡಬೇಕಲ್ಲ. ಕೊನೆಗೆ ಉಲ್ಮ್‌ನ ವ್ಯಾಪಾರಿಯೊಬ್ಬನ ಹತ್ತಿರದಿಂದ ವಿಲ್ಹೆಲ್ಮನ ಡುಕಾಟ್ ಹಿಡಿದೇ ತಂದ. ತಂದವನು ನನ್ನನ್ನು ಮನೆಗೆ ಕರೆಸಿಕೊಂಡು ಭೂತಗನ್ನಡಿ ಕೈಗಿತ್ತ.

"ಈ ಜಿಂಕೆ ಕೊಂಬಿನ ಲಾಂಛನ ನೋಡೋ. ಕೆತ್ತಿದವನ ಕೈ ಚೆನ್ನಾಗಿತ್ತು ಕಣೋ. ಸಂಘದಲ್ಲಿ ಬಾಯಿಬಿಟ್ಟೀಯಾ ಮತ್ತೆ."

ಒಂದು ಭಾನುವಾರ ನಾವಿಬ್ಬರೂ ಹೆಡ್ವಿಗ್ ಮನೆಗೆ ಹೋದೆವು. ಮಾಂಸ, ಸೊಪ್ಪು ತುಂಬಿದ ಕಡುಬು ತೇಲುವ ಸಾರು ಬಡಿಸಿದರು.

"ನಿಮ್ಮ ಕಡೆಯವರು ಜಿಪುಣರು ಅಂತ ಕೇಳಿದ್ದೆ. ತಟ್ಟೆ ತುಂಬಿಸಿದ್ದೀರಲ್ಲ," ಎಂದ ಓಟ್ಮಾರ್.

"ನಿನ್ನೇದು ಮಿಕ್ಕಿತ್ತು. ತಿನ್ನಿ."

ಊಟವಾದ ಮೇಲೆ ಇಬ್ಬರೂ ನಾಣ್ಯ ತೆಗೆದಿಟ್ಟರು. ಕೈ ಮಾತ್ರ ಯಾರದ್ದೂ ಮುಂದೆ ಬರಲಿಲ್ಲ. ಓಟ್ಮಾರ್ ತನ್ನದರ ಮೇಲೆ ಬೆರಳಿಟ್ಟು ಕೂತಿದ್ದ. ಹೆಡ್ವಿಗ್ ಅದನ್ನು ನೋಡಿ ನಗತೊಡಗಿದರು.

"ನಿಮಗೂ ಕೊಡೋಕೆ ಮನಸ್ಸಿಲ್ಲ, ಅಲ್ವಾ?"

"ಇಲ್ಲ," ಎಂದ ಅವನು, ಕಿವಿಯೆಲ್ಲ ಕೆಂಪಾಗಿ.

"ನನಗೂ ಇಲ್ಲ. ಹಾಗಾದ್ರೆ ಬಂದು ನೋಡ್ಕೊಂಡ್ಹೋಗಿ. ನಿಮ್ಮದನ್ನೂ ತನ್ನಿ."

ಭಾನುವಾರ ತಪ್ಪದೆ ಹೋಗಿಬರತೊಡಗಿದ. ನಾನು ಜೊತೆಗೆ ಹೋಗುವುದನ್ನು ಬಿಟ್ಟೆ. ಅವನೂ ಕರೆಯುವುದನ್ನು ಬಿಟ್ಟಿದ್ದ. ಮರುವರ್ಷ ವಸಂತದಲ್ಲಿ ಇಬ್ಬರೂ ಮದುವೆಯಾದರು. ಎಲ್ಲಿರುವುದು ಎಂಬ ಜಗಳ ಮಾತ್ರ ಬಹಳ ದಿನ ನಡೆಯಿತು. ಕೊನೆಗೆ ಹಳೆಯ ಗಡಿಗೆ ಹತ್ತಿರದ ಫೋರ್ಟ್ಸ್‌ಹೈಮ್‌ನಲ್ಲಿ ಮನೆ ಹಿಡಿದರು. ಅದೂ ಬಾಡೆನ್ನೇ ಎಂದು ಓಟ್ಮಾರ್ ಒಳಗೊಳಗೇ ಬೀಗಿದ.

ಈಗ ಮೇಳಗಳಿಗೆ ಜೋಡಿಯಾಗಿ ಬರುತ್ತಾರೆ, ಒಬ್ಬರ ಸೀಮೆಯನ್ನು ಇನ್ನೊಬ್ಬರು ಆಡಿಕೊಳ್ಳುತ್ತಾ ಮೇಜಿನಿಂದ ಮೇಜಿಗೆ ಸುತ್ತುತ್ತಾರೆ. ಎರಡೂ ಸೀಮೆಯವರಿಗೆ ಆಗದ ಉತ್ತರದ ಪ್ರಶ್ಯಾದ ನಾಣ್ಯ ಎದುರಾದರೆ ಮಾತ್ರ ಇಬ್ಬರೂ ಒಟ್ಟಿಗೆ ಕನ್ನಡಕ ತೆಗೆಯುತ್ತಾರೆ.